ಓಣಿ ನಡುವಿನ ನಳ

ಬನಹಟ್ಟಿಯಲ್ಲಿ ನಮ್ಮ ಓಣಿಯಷ್ಟು ನೆಟ್ಟಗಿನ ಓಣಿ ಇನ್ನೊಂದಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಆ ಜಂಬದಿಂದಲೇ ಕೆಟ್ಟೆವು, ಅದಕ್ಕೇ ಹೇಳಬೇಕಾಗಿದೆ. ಬೇರೆ ಓಣಿಗಳಲ್ಲಿ ಒಬ್ಬನ ಕಟ್ಟೆ ಮುಂದಕ್ಕೆ ಚಾಚಿರುತ್ತಿತ್ತು, ಇನ್ನೊಬ್ಬನ ಬಚ್ಚಲು ದಾರಿಗೇ ಬಂದಿರುತ್ತಿತ್ತು, ಮತ್ತೊಬ್ಬ ಎಮ್ಮೆ ಕಟ್ಟಲು ನಡುದಾರಿಯಲ್ಲಿ ಗೂಟ ಹೊಡೆದಿರುತ್ತಿದ್ದ. ನಮ್ಮಲ್ಲಿ ಒಂದು ಮೆಟ್ಟಿಲೂ ಗೋಡೆಯ ಗೆರೆ ದಾಟಿರಲಿಲ್ಲ. ನಮ್ಮ ಓಣಿ ಇದ್ದದ್ದು ಮೊದಲು ಮಗ್ಗದ ಹಾಸಿನ ಸಲುವಾಗಿ, ಆಮೇಲೆ ನಡೆದಾಡುವವರಿಗೆ.

ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿನ ಎಳೆಗಳಿಗೆ ಹಾಸು ಅನ್ನುತ್ತಾರೆ. ಅದನ್ನು ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಇಬ್ಬರು ಎರಡು ಕಡೆ ನಿಂತು ದೊಡ್ಡ ಕುಂಚ ಎಳೆಯುತ್ತ ಹೋಗಬೇಕು. ಗಂಜಿ ಆರುವತನಕ ಕುಂಚ ನಿಲ್ಲಬಾರದು. ನಿಂತಿತೋ, ಎಳೆಗೆ ಎಳೆ ಅಂಟಿಕೊಂಡು ಇಡೀ ಹಾಸು ಹಗ್ಗವಾಗುತ್ತದೆ. ಇದಕ್ಕೆ ಬೆಳಗಿನ ಎಳೆಬಿಸಿಲೇ ಆಗಬೇಕು. ಬಿಸಿಲು ಏರಿದರೆ ಎಳೆಗಳು ಕಡಕಾಗಿ ಮಗ್ಗದಲ್ಲಿ ತುಂಡಾಗುತ್ತವೆ, ಮಧ್ಯಾಹ್ನವಾದರೆ ಗಾಳಿ ಎದ್ದು ಧೂಳು ತರುತ್ತದೆ, ಸಂಜೆಗೆ ಗಂಜಿ ಆರುವುದೇ ಇಲ್ಲ.

ಹಾಸು ಹಸಿ ಇರುವಾಗ ಓಣಿಗೆ ಯಾರೂ ಇಳಿಯುವಂತಿರಲಿಲ್ಲ. ಕಸ ಗುಡಿಸುವಂತಿಲ್ಲ, ಕೋಳಿ ಬಿಡುವಂತಿಲ್ಲ, ಒಂದು ಚೆಂಬು ನೀರು ಚೆಲ್ಲುವಂತಿಲ್ಲ. ಹೋಗಬೇಕಾದವರು ಹಿತ್ತಿಲ ಬಾಗಿಲಿನಿಂದ ಹೋಗಬೇಕು. ಸಂಸ್ಥಾನದ ಕಾಲದಲ್ಲಿ ಮಾಮಲೇದಾರರ ಟಾಂಗಾ ಕೂಡ ಓಣಿಯ ಬಾಯಿಗೆ ಬಂದು, ಹಾಸು ಆರುವತನಕ ನಿಂತಿತ್ತಂತೆ. ಅದನ್ನು ನಾನು ಕಂಡಿಲ್ಲ. ಆದರೆ ನಮ್ಮ ಮಾವ ತೀರಿಕೊಂಡ ದಿನ ಅವರನ್ನು ಹಿತ್ತಿಲಿನಿಂದ ಒಯ್ದದ್ದನ್ನು ಕಂಡಿದ್ದೇನೆ. ಅಂದು ಹಾಸಿದ್ದು ನಮ್ಮ ಹಾಸೂ ಅಲ್ಲ, ಮಂದಿಯದು. ಅತ್ತೆ ಅಳುತ್ತಲೇ ಹಿತ್ತಿಲ ಅಗಳಿ ತೆಗೆದಳು.

ಓಣಿಯ ಅಷ್ಟೂ ಮಗ್ಗಗಳಿಗೆ ಹಾಸು ಗಂಜಿ ಮಾಡಿಕೊಡುತ್ತಿದ್ದದ್ದು ನಮ್ಮ ಎದುರುಮನೆಯ ರುಕ್ಮವ್ವ ಮತ್ತು ಅವಳ ಗಂಡ ಮುರಗೆಪ್ಪ. ಮಗ ಚನಮಲ್ಲಪ್ಪ ಮಗ್ಗದ ಕುಣಿಯಲ್ಲಿ, ಸೊಸೆ ಮಾದೇವಿ ಒಲೆ ಮುಂದೆ. ಮುರಗೆಪ್ಪ ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನು ರುಕ್ಮವ್ವ ತುಂಬುತ್ತಿದ್ದಳು. ಕುಂಚ ಎಳೆಯುತ್ತಲೇ ಅವಳು ಓಣಿಯ ಅಷ್ಟೂ ಮನೆಗಳ ನ್ಯಾಯ ಮುಗಿಸುತ್ತಿದ್ದಳು, ಹೊಸ್ತಿಲ ಮೇಲೆ ಕೂತ ನಾವು ಅಲ್ಲಿಂದಲೇ ವಾದ ಮಾಡುತ್ತಿದ್ದೆವು.

ನೀರಿನದೊಂದೇ ನಮಗೆ ಕಷ್ಟ. ಓಣಿಯ ಬಾವಿ ಉಪ್ಪು, ಆ ನೀರಿನಲ್ಲಿ ಬೇಳೆ ಕೂಡ ಬೇಯುತ್ತಿರಲಿಲ್ಲ. ಸಿಹಿನೀರಿಗೆ ಹಳ್ಳ ದಾಟಿ ಹಳೇ ಬಾವಿಗೆ ಹೋಗಬೇಕಿತ್ತು. ಪಾವಟಿಗೆ ಇಳಿದು ತುಂಬುವ ಬಾವಿ, ಕಲ್ಲಿಗೆಲ್ಲ ಹಾವಸೆ. ಗಂಡಸರು ಕೊಡ ಹೊರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಾವಸೆಯ ಮೇಲೆ ಜಾರುವ ಕೆಲಸವನ್ನು ಹೆಂಗಸರಿಗೇ ಬಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ಬಸುರಿ ಮಾದೇವಿ ಜಾರಿದಳು. ಕೊಡ ಒಡೆಯಲಿಲ್ಲ, ತಾಮ್ರದ್ದು. ಕೂಸು ಹೋಯಿತು.

ರುಕ್ಮವ್ವ ಅತ್ತದ್ದನ್ನು ನಾವು ಯಾರೂ ನೋಡಲಿಲ್ಲ. ಮೂರನೆಯ ದಿನ ಬಾಗಿಲು ಬಾಗಿಲಿಗೆ ಬಂದು, "ಖಾಲಿ ಕೊಡ ತಗೊಂಡು ಬರ್ರಿ ಬೇ, ಮುನಸಿಪಾಲ್ಟಿಗಿ ಹೋಗೋಣು" ಅಂದಳು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಲ್ಕಾರು ವರ್ಷವಾಗಿತ್ತು. ಹೊಸ ಮುನಸಿಪಾಲಿಟಿ, ಹೊಸ ಮೆಂಬರರು, ಹೊಸ ಖುರ್ಚಿ. ನಾವು ಹೋಗಿ ಕೊಡಗಳನ್ನು ಬಾಗಿಲಿಗೆ ಅಡ್ಡ ಇಟ್ಟು ಕೂತೆವು. ಒಳಗಿದ್ದವರು ಹೊರಗೆ ಬರಲು ಕೊಡ ದಾಟಬೇಕಾಯಿತು. ನಮ್ಮ ವಾರ್ಡಿನ ಮೆಂಬರ್ ಗಂಗಾರಾಮ ಸಾವಕಾರ, ನೂಲಿನ ವ್ಯಾಪಾರಿ, ಕೈ ಮುಗಿದುಕೊಂಡೇ ಬಂದ.

"ಏಳ್ರಿ ಯವ್ವಾ, ಏಳ್ರಿ. ನಳದ ಯೋಜನಾ ಬರಾಕತ್ತೈತಿ. ನಿಮ್ಮ ಓಣಿಗೇ ಮೊದಲ ಕೊಡಸ್ತೀನಿ."

"ಖರೇನ?"

"ಖರೆ ಅಂದ್ರ ಖರೆ. ಆದ್ರ ಪೈಪು ಹಾಕಾಕ ಓಣಿ ನೆಟ್ಟಗ ಇರಬೇಕು ನೋಡ್ರಿ."

"ನಮ್ಮ ಓಣಿ ಬಂದು ನೋಡ್ರಿ ಸಾವಕಾರ್ರ," ಅಂದಳು ರುಕ್ಮವ್ವ. "ಒಂದು ಕಲ್ಲು ಅಡ್ಡ ಬಂದಿದ್ರ ನನ್ನ ಹೆಸರು ರುಕ್ಮವ್ವ ಅಲ್ಲ."

ಕೊಟ್ಟ ಮಾತನ್ನು ಅವನು ನಡೆಸಿದ, ಇಲ್ಲವೆನ್ನಲಾರೆ. ವರ್ಷ ಕಳೆಯುವುದರೊಳಗೆ ಓವರಸೀಯರ ಬಂದ. ಪರ ಊರಿನವನು, ಸಣ್ಣ ವಯಸ್ಸು, ತಲೆಯ ಮೇಲೆ ಬಿಸಿಲಿನ ಟೊಪ್ಪಿಗೆ. ಓಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿ ಅವನಿಗೆ ಸಂತೋಷವೇ ಆಯಿತು. ಪೈಪು ಮಣ್ಣಿನಡಿ ಹೋಗುತ್ತದೆ, ನಿಮ್ಮ ಹಾಸಿನ ಕೆಲಸಕ್ಕೆ ಏನೂ ತೊಂದರೆಯಿಲ್ಲ ಅಂದ. ಆಮೇಲೆ ಓಣಿಯ ಬಾಯಿಯ ಹೊರಗೆ, ಮಠದ ಗೋಡೆಯ ಹತ್ತಿರ ನಿಂತು, "ನಳ ಇಲ್ಲಿ ನಿಲ್ಲಿಸ್ತೀನ್ರಿ, ಹೋಗಿಬರಾಕ ಛಲೋ ಆಗ್ತದ" ಅಂದ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೆಳಗಿನ ತುದಿಯವರು ಗದ್ದಲವೆಬ್ಬಿಸಿದರು. ಬಾಯಿ ಹತ್ತಿರ ಇದ್ದರೆ ಮೇಲಿನ ಮನೆಯವರೇ ತುಂಬಿಕೊಂಡಾರು, ನಾವೇನು ಕೊಡ ಹಿಡಿದು ಜಾತ್ರೆ ಮಾಡಬೇಕೇ ಅಂದರು. ಹಾಗಾದರೆ ಕೆಳಗಿನ ತುದಿಗೆ ಹಾಕಿ ಅಂದರೆ ಮೇಲಿನವರು ಬಿಡಲೊಲ್ಲರು. ನಮ್ಮ ಓಣಿಯವರು ನೂಲು ಹಂಚಿಕೊಳ್ಳುವಾಗಲೂ ಎಳೆ ಹಿಡಿದು ಅಳೆಯುವ ಮಂದಿ. ಒಂದು ಗೇಣು ಹೆಚ್ಚುಕಡಿಮೆಯಾದರೆ ತಿಂಗಳು ಮಾತು ಬಿಡುತ್ತಿದ್ದರು. ಕೊನೆಗೆ ರುಕ್ಮವ್ವ ಮನೆಯೊಳಗೆ ಹೋಗಿ ಹಾಸಿನ ಅಳತೆಯ ದಾರ ತಂದಳು. ಓಣಿಯ ತುದಿಯಿಂದ ತುದಿಗೆ ಹಿಡಿಸಿ, ಮಡಿಸಿ, ಅರ್ಧ ಮಾಡಿ, ಆ ಅರ್ಧ ಎಲ್ಲಿಗೆ ಬಂತೋ ಅಲ್ಲಿ ಕಾಲ ಹೆಬ್ಬೆರಳಿನಿಂದ ಗುರುತು ಮಾಡಿದಳು.

"ಇಲ್ಲಿ ಹಾಕ್ರಿ ಸಾಹೇಬ್ರ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ."

ಓವರಸೀಯರ ನಕ್ಕ. "ಅಲ್ಲವಾ, ನಿಮ್ಮ ಕೆಲಸ ಇಲ್ಲೇ ಅಲ್ಲೇನು ನಡಿಯೂದು?"

"ನಮ್ಮ ಕೆಲಸ ಮುಂಜಾನಿ. ನಿಮ್ಮ ನೀರು ಸಂಜಿಕ ಅಂತ ಸಾವಕಾರ್ರು ಹೇಳ್ಯಾರಲ್ಲ."

ಅವಳು ಹೇಳಿದ್ದು ಸರಿಯೇ ಇತ್ತು. ನದಿಯ ದಂಡೆಯ ಎಂಜಿನ್ನು ಬೆಳಿಗ್ಗೆ ಪೇಟೆಗೆ, ಸಂಜೆ ಓಣಿಗಳಿಗೆ ನೀರು ಬಿಡುವುದೆಂದು ಆಗ ಠರಾವಾಗಿತ್ತು. ನಾವೆಲ್ಲ ರುಕ್ಮವ್ವನ ಜಾಣತನಕ್ಕೆ ತಲೆದೂಗಿದೆವು. ನಮ್ಮ ಮನೆಯ ಗೋಡೆಗೆ ಹತ್ತಿ, ನಟ್ಟನಡುವೆ, ಕಲ್ಲಿನ ಕಟ್ಟೆ ಎದ್ದಿತು.

ನೀರು ಬಂದ ದಿನ ಗಂಗಾರಾಮ ಸಾವಕಾರ ತೆಂಗಿನಕಾಯಿ ಒಡೆದ. ಮೊದಲ ಕೊಡ ರುಕ್ಮವ್ವ ತುಂಬಿದಳು. ತುಂಬಿದ ಕೊಡವನ್ನು ತಾನು ಹೊರದೆ ಮಾದೇವಿಯ ಕೈಗೆ ಕೊಟ್ಟು, "ಒಯ್ಯಿ ತಂಗಿ, ಹೊಸ್ತಿಲಿಗಿ ಹಾಕು" ಅಂದಳು. ಮಾದೇವಿ ಹೊಸ್ತಿಲು ತೊಳೆದು ಕುಂಕುಮ ಹಚ್ಚಿದಳು. ಆ ಸಂಜೆ ಮಾತ್ರ ರುಕ್ಮವ್ವನ ಕಣ್ಣಲ್ಲಿ ನೀರು ಕಂಡೆ. ನನಗೂ ಅಳು ಬಂತು. ಆ ಒಂದು ವರ್ಷ ನಾವು ಸುಖವಾಗಿದ್ದೆವು. ಬೆಳಿಗ್ಗೆ ಹಾಸು, ಸಂಜೆ ನೀರು.

ನಳದ ತಿರುಪು ಮಾತ್ರ ಒಂದು ಮಳೆಗಾಲಕ್ಕೇ ಮುರಿಯಿತು. ಹೊಸದು ಹಾಕಲು ಮಂಜೂರಿ ಬರಬೇಕು ಅಂದರು, ಬರಲಿಲ್ಲ. ನೀರು ಬಿಟ್ಟಾಗ ಅದು ತಾನಾಗಿ ಸುರಿಯುತ್ತಿತ್ತು, ನಿಲ್ಲಿಸಿದಾಗ ನಿಲ್ಲುತ್ತಿತ್ತು. ಹಿಡಿದವರಿಗೆ ನೀರು, ಹಿಡಿಯದಿದ್ದರೆ ಗಟಾರಕ್ಕೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಡಂಗುರದವನು ಓಣಿಯ ಬಾಯಿಯಲ್ಲಿ ನಿಂತು ಸಾರಿದ. ಇನ್ನು ಮೇಲೆ ಸಂಜೆಯ ನೀರು ಪೇಟೆಗೆ, ಬೆಳಗಿನ ನೀರು ಓಣಿಗಳಿಗೆ. ಯಾಕೆ ಅಂದರೆ ಪೇಟೆಯವರು ಅರ್ಜಿ ಕೊಟ್ಟಿದ್ದರು. ಸಂಜೆ ಗಿರಾಕಿ ಬರುವ ಹೊತ್ತಿಗೆ ಅಂಗಡಿ ಮುಂದೆ ಧೂಳು ಏಳುತ್ತದೆ, ಚಿಮುಕಿಸಲು ನೀರು ಬೇಕು. ಬೆಳಿಗ್ಗೆ ಹಿಡಿದಿಟ್ಟ ನೀರು ಸಂಜೆಗೆ ಹಳಸುತ್ತಿತ್ತೇನೋ, ಶ್ರೀಮಂತರ ಮನೆಯಲ್ಲವೇ! ಬೇರೆ ಓಣಿಯವರಿಗೆ ಬೆಳಗಾದರೇನು, ಸಂಜೆಯಾದರೇನು. ಎಲ್ಲರೂ ಕೈ ಎತ್ತಿದರು, ಠರಾವು ಪಾಸಾಯಿತು. ನಮ್ಮ ಮೆಂಬರನೂ ಕೈ ಎತ್ತಿದನಂತೆ.

ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ನಳ ಸುರಿಯುತ್ತಿತ್ತು, ಬಿಸಿಲು ಏರುವ ಹೊತ್ತಿಗೆ ನಿಲ್ಲುತ್ತಿತ್ತು. ಸರಿಯಾಗಿ ಹಾಸಿನ ಹೊತ್ತು. ಒಂದು ದಿನ ಮೂಲೆಮನೆಯ ಭಾಗವ್ವ ಅವಸರದಲ್ಲಿ ಗೋಡೆ ಹಿಡಿದುಕೊಂಡು ಬಂದು ಒಂದೇ ಕೊಡ ತುಂಬಿದಳು. ಸಿಡಿದ ನೀರಿಗೆ ಅಂಗೈ ಅಗಲ ಹಾಸು ಅಂಟಿತು. ಆ ಹಾಸನ್ನು ನೇದವನು ಎಳೆ ಕೂಡಿಸಿ ಕೂಡಿಸಿ ಅತ್ತ. ಭಾಗವ್ವ ತಾನೇ ಬಂದು ರುಕ್ಮವ್ವನ ಮುಂದೆ ನಿಂತು, ಇನ್ನು ಹಾಸಿದ ದಿನ ನಾನು ಇಳಿಯುವುದಿಲ್ಲ ಅಂದಳು. ಉಳಿದವರೂ ಅದನ್ನೇ ಅಂದೆವು. ಹಾಸು ಹಾಸಿದ ದಿನ ಹಿತ್ತಿಲಿನಿಂದ ಹಳೇ ಬಾವಿಗೆ ಹೋಗುವುದು, ಹಾಸದ ದಿನ ನಳಕ್ಕೆ.

ಅಷ್ಟರಲ್ಲಿ ಮಾದೇವಿ ಮತ್ತೆ ಬಸುರಿಯಾಗಿದ್ದಳು.

ರುಕ್ಮವ್ವ ಹಾಸಿನ ದಿನ ತಾನೇ ಕತ್ತಲಲ್ಲಿ ಎದ್ದು ಹಳೇ ಬಾವಿಯಿಂದ ನೀರು ತಂದು, ಆಮೇಲೆ ಕುಂಚ ಹಿಡಿಯತೊಡಗಿದಳು. ನಾನೂ ಆಗಾಗ ಒಂದು ಕೊಡ ಹೆಚ್ಚಿಗೆ ತಂದು ಕೊಡುತ್ತಿದ್ದೆ. ಅವಳ ಮಾತು ಕಡಿಮೆಯಾಯಿತು, ಕುಂಚದ ಸಪ್ಪಳವೊಂದೇ ಕೇಳುತ್ತಿತ್ತು. ಕೊನೆಗೆ ಒಂದು ದಿನ ನನ್ನನ್ನು ಜೊತೆ ಮಾಡಿಕೊಂಡು ಮುನಸಿಪಾಲಿಟಿಗೆ ಹೋದಳು. ಈ ಸಲ ಕೊಡ ಒಯ್ಯಲಿಲ್ಲ.

ಚೀಫ್ ಆಫೀಸರ್ ಕೃಷ್ಣಾಜಿಪಂತರು ಕೆಟ್ಟವರಲ್ಲ. ನಮ್ಮನ್ನು ಬಾಕಿನ ಮೇಲೆ ಕೂಡಿಸಿದರು, ಪೂರ್ತಿ ಕೇಳಿಕೊಂಡರು. ಆಮೇಲೆ ಚಷ್ಮಾ ತೆಗೆದು ಒರೆಸುತ್ತ ಅಂದರು:

"ನೀವ ಕೇಳಿದ್ರಿ, ನಾವ ಕೊಟ್ಟೇವಿ. ನೀವ ಜಾಗಾ ತೋರಿಸಿದ್ರಿ, ಅಲ್ಲೇ ಕೂಡಿಸೇವಿ. ಈಗ ಸರಸ್ರಿ ಅಂದ್ರ ಹ್ಯಾಂಗವಾ? ವಿಜಾಪುರದ ಕಲೆಕ್ಟರ್ ಕಚೇರಿಯಿಂದ ಮಂಜೂರಿ ಬರಬೇಕು."

"ಸರಸೂದು ಬ್ಯಾಡ್ರಿ ಸಾಹೇಬ್ರ. ನೀರು ಮೊದಲಿನಂಗ ಸಂಜಿಕ ಬಿಡ್ರಿ, ಸಾಕು."

"ಒಂದು ಓಣಿ ಸಲುವಾಗಿ ಠರಾವು ತಿರಗಿಸಲಿಕ್ಕೆ ಬರೂದಿಲ್ಲ. ಎಲ್ಲಾರಿಗೂ ಒಂದ ನಿಯಮ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ."

ರುಕ್ಮವ್ವ ಅವರ ಮುಖವನ್ನೇ ನೋಡಿದಳು. ಅದು ಅವಳದೇ ಮಾತು. ಅವರಿಗೆ ಅದು ಗೊತ್ತಿರಲಿಲ್ಲ, ಅಣಕಿಸುವ ಮನುಷ್ಯರೂ ಅಲ್ಲ. ನ್ಯಾಯ ಹೇಳುವವರೆಲ್ಲ ಆಡುವ ಮಾತು ಅದು, ಅವರೂ ಆಡಿದರು.

ಹೊರಗೆ ಗಂಗಾರಾಮ ಸಾವಕಾರ ಸಿಕ್ಕ. "ಯಾಕ ಇಷ್ಟ ತ್ರಾಸ ತಗೋತೀರಿ ಯವ್ವಾ? ನಾ ಹಾಸು ಗಂಜಿ ಮಾಡೂ ಮಷೀನ ತರಸಾಕತ್ತೇನಿ. ಮಳಿ ಇರಲಿ ಬಿಸಿಲಿರಲಿ, ಹಾಸು ತಯಾರ. ನಿಮಗೂ ನಿಮ್ಮ ಯಜಮಾನರಿಗೂ ಅಲ್ಲೇ ಕೆಲಸಾ ಕೊಡ್ತೀನಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದನೋ, ಕೈ ಎತ್ತುವಾಗಲೇ ಇದು ಮನಸ್ಸಿನಲ್ಲಿತ್ತೋ, ಆ ಶಿವನಿಗೇ ಗೊತ್ತು. ನನಗೆ ಮೈ ಉರಿಯಿತು. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ರುಕ್ಮವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದಳು: "ಆ ದಾರಾ ನಾ ಯಾಕ ಮಡಿಚಿದೆ ಬೇ?"

ಆಷಾಢದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಅಂದರೆ ಸುರಿಯುವ ಮಳೆಯಲ್ಲ, ಜಿಟಿಜಿಟಿ. ಹೊಲಕ್ಕೂ ಸಾಲದು, ಹಾಸನ್ನೂ ಬಿಡದು. ದಿನಗಟ್ಟಲೆ ಬಿಸಿಲಿಲ್ಲ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಲಾಳಿಯ ಸಪ್ಪಳವಿಲ್ಲದ ನಮ್ಮ ಓಣಿ ಸೂತಕದ ಮನೆಯ ಹಾಗಿತ್ತು. ಕಡೆಗೊಂದು ಸಂಜೆ ಮೋಡ ಒಡೆದು ಪಡುವಣ ಕೆಂಪಾಯಿತು. ನೇಕಾರರೆಲ್ಲ ರುಕ್ಮವ್ವನ ಬಾಗಿಲಿಗೆ ಬಂದರು. ನಾಳೆ ಹಾಸದಿದ್ದರೆ ಮತ್ತೆ ಬಿಸಿಲು ಯಾವಾಗಲೋ ಅಂದರು. ಅವಳು ಮಾದೇವಿಯ ಕಡೆ ನೋಡಿದಳು. ಏಳು ತಿಂಗಳು ತುಂಬಿತ್ತು.

"ಹಾಸ್ರಿ ಅತ್ತಿ," ಅಂದಳು ಮಾದೇವಿ. "ನೀರು ಐತಿ ಮನ್ಯಾಗ."

ಆ ನೀರೆಲ್ಲ ಗಂಜಿಗೆ ಹೋಯಿತು. ಅಷ್ಟು ಮಗ್ಗಗಳಿಗೆ ಗಂಜಿ ಅಂದರೆ ಸಣ್ಣ ಮಾತಲ್ಲ. ಬಾವಿಗೆ ಹೋಗಿ ಬರಲು ರುಕ್ಮವ್ವನಿಗೆ ಹೊತ್ತೂ ಉಳಿಯಲಿಲ್ಲ. ಬೆಳಕು ಹರಿಯುವ ಮೊದಲೇ ಹಾಸು ಬಿಗಿಯಬೇಕಿತ್ತು.

ಬಿಸಿಲು ಬಿತ್ತು. ಅಂಥ ಚೆಂದದ ಬಿಸಿಲನ್ನು ನಾನು ಆಮೇಲೆ ಕಂಡಿಲ್ಲ. ಹಾಸು ತುದಿಯಿಂದ ತುದಿಗೆ ಹೊಳೆಯುತ್ತಿತ್ತು. ಗಂಡ ಹೆಂಡತಿ ಕುಂಚ ಎಳೆಯುತ್ತ ನಡುವಿಗೆ ಬಂದಿದ್ದರು. ನಾವು ಹೊಸ್ತಿಲ ಮೇಲೆ ನಿಂತಿದ್ದೆವು. ಆಗ ನಳ ಎರಡು ಸಲ ಕೆಮ್ಮಿ ಸುರಿಯತೊಡಗಿತು. ಸುರಿದ ನೀರು ಕಟ್ಟೆಯ ಬಚ್ಚಲಿಗೆ ಇಳಿದು ಗಟಾರಕ್ಕೆ ಹರಿಯಿತು. ಅಷ್ಟು ಸಿಹಿನೀರು. ಮಳೆಯಿಂದ ಹಳೇ ಬಾವಿಯ ಪಾವಟಿಗೆಗಳು ಹೇಗಾಗಿರುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆಗಳ ಮುಂಬಾಗಿಲು, ಹಿತ್ತಿಲ ಬಾಗಿಲು ಒಂದೇ ಸಾಲಿನಲ್ಲಿ ಇರುತ್ತವೆ. ಓಣಿಯಲ್ಲಿ ನಿಂತರೆ ಮನೆಯ ಹಿಂದಿನ ಬೆಳಕು ಕಾಣುತ್ತದೆ. ಆ ಬೆಳಕಿಗೆ ಅಡ್ಡವಾಗಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹಿತ್ತಿಲು ದಾಟುತ್ತಿದ್ದ ಮಾದೇವಿ ರುಕ್ಮವ್ವನ ಕಣ್ಣಿಗೆ ಬಿದ್ದಳು.

"ಮಾದೇವೀ! ಎಲ್ಲಿಗಿ?"

"ಹಳೇ ಬಾವಿಗಿ ಅತ್ತಿ. ಮನ್ಯಾಗ ಹನಿ ನೀರಿಲ್ಲ."

"ಹೋಗಬ್ಯಾಡ ಯವ್ವಾ! ನಿಂದ್ರು!"

"ಓಣ್ಯಾಗ ಹಾಸು ಹಸಿ ಐತಲ್ಲ ಅತ್ತಿ," ಅಂದಳು ಅವಳು. ಅದರಲ್ಲಿ ದೂರು ಇರಲಿಲ್ಲ. ಒಲೆಯ ಮೇಲೆ ಅನ್ನ ಇದೆ ಅನ್ನುವ ಹಾಗೆ ಅಂದು ಮುಂದೆ ನಡೆದಳು.

ಕುಂಚ ನಿಂತಿತು. ಮುರಗೆಪ್ಪ ಹೌಹಾರಿ, "ಏ, ಎಳಿ! ಅಂಟತೈತಿ, ಎಳಿ!" ಎಂದು ಕೂಗಿದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ರುಕ್ಮವ್ವ ಕುಂಚ ಬಿಟ್ಟಳು. ಎಳೆ ಕತ್ತರಿಸಲು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಸಣ್ಣ ಚೂರಿ ತೆಗೆದು, ನಳದ ಕಟ್ಟೆಯ ಎದುರಿಗೇ, ಹಾಸನ್ನು ಈ ಅಂಚಿನಿಂದ ಆ ಅಂಚಿಗೆ ಕೊಯ್ದಳು. ಬಿಗಿದ ಎಳೆಗಳು ಪಟಪಟನೆ ಹರಿದು ಎರಡು ಕಡೆ ಹಿಂದಕ್ಕೆ ಜಾರಿ, ಹಸಿ ಗಂಜಿಯ ಸಮೇತ ಮಣ್ಣಿಗೆ ಬಿದ್ದವು. ಮುರಗೆಪ್ಪ ಕುಂಚ ಹಿಡಿದುಕೊಂಡೇ ನೆಲಕ್ಕೆ ಕೂತ.

"ಮಾದೇವಿ, ಬಾ. ಮುಂದಿನ ಬಾಗಲಕ ಬಾ. ಎಲ್ಲಾರೂ ಇಳೀರಿ ಬೇ! ಹಾಸು ಇಲ್ಲೀಗ, ಓಣಿ ತೆರವಾತು. ನೀರು ತುಂಬಕೋರಿ!"

ಮಾದೇವಿ ತಿರುಗಿ ಬಂದು ಹೊಸ್ತಿಲ ಮೇಲೆ ನಿಂತಳು. ಬಿದ್ದದ್ದನ್ನು ನೋಡಿ ಕೊಡ ಎದೆಗೆ ಅವುಚಿಕೊಂಡಳು. ಕೆಳಗೆ ಇಳಿಯಲಿಲ್ಲ.

ನಾವೂ ಇಳಿಯಲಿಲ್ಲ. ನಳ ನನ್ನ ಗೋಡೆಗೇ ಹತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಡ ಕೈಯಲ್ಲೇ ಇತ್ತು. ಕಾಲು ಏಳಲಿಲ್ಲ. ಬಿದ್ದ ಹಾಸು ಇನ್ನೂ ಹಸಿಯಾಗಿತ್ತು. ಹುಟ್ಟಿದಾಗಿನಿಂದ, ಮದುವೆಯಾಗಿ ಬಂದಾಗಿನಿಂದ, ಹಸಿ ಹಾಸಿರುವಾಗ ಇಳಿಯಬಾರದೆಂದು ಕಲಿತ ಕಾಲುಗಳು. ಅದು ಕೊಯ್ದ ಹಾಸು, ಇನ್ನು ಯಾರ ಮಗ್ಗಕ್ಕೂ ಏರದು ಎಂದು ಅವಕ್ಕೆ ಹೇಳುವವರು ಯಾರು?

"ಇಳೀರೇ! ನಿಮಗಾಗೇ ಕೊಯ್ದೀನಿ ಬೇ!" ರುಕ್ಮವ್ವ ಒಂದು ಬಾಗಿಲಿಂದ ಇನ್ನೊಂದಕ್ಕೆ ಓಡಿದಳು. ಬೈದಳು, ಕೈ ಮುಗಿದಳು. "ಭಾಗವ್ವಾ, ನೀ ಇಳಿ. ನಿನ್ನ ಕಾಲಿಗಿ ಬೀಳ್ತೀನಿ. ನೀರು ನಿಲ್ಲತೈತಿ, ಇಳೀರಿ!" ಭಾಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕಡೆಗೆ ರುಕ್ಮವ್ವ ಮಾದೇವಿಯ ಕೈಯಿಂದ ಕೊಡ ಕಸಿದುಕೊಂಡು ತಾನೇ ನಳದ ಕೆಳಗೆ ಇಟ್ಟಳು. ಕಾಲು ಕೊಡ ತುಂಬುವುದರಲ್ಲಿ ನಳ ಸಣ್ಣಗಾಗಿ, ಹನಿಯಾಗಿ, ನಿಂತುಹೋಯಿತು.

ಅವಳು ಆ ಕೊಡದ ಪಕ್ಕದಲ್ಲಿ ಬಹಳ ಹೊತ್ತು ಕೂತಳು. ಆಮೇಲೆ ಎದ್ದು, ಗಂಡನನ್ನು ಎಬ್ಬಿಸಿ, ಇಬ್ಬರೂ ಸೇರಿ ಹಾಸನ್ನು ಸುತ್ತಿ ಒಳಗೆ ಒಯ್ದರು. ಮಣ್ಣು ಹತ್ತಿದ ಗಂಜಿಯ ಗೆರೆಯೊಂದು ಓಣಿಯುದ್ದಕ್ಕೂ ಉಳಿಯಿತು. ಆ ಮಧ್ಯಾಹ್ನ ನಾವೆಲ್ಲ ಹಿತ್ತಿಲಿನಿಂದಲೇ ಹಳೇ ಬಾವಿಗೆ ಹೋದೆವು.

ಮಾದೇವಿಗೆ ಭಾದ್ರಪದದಲ್ಲಿ ಹೆಣ್ಣುಮಗು ಹುಟ್ಟಿತು, ಉಳಿಯಿತು. ಗಂಗಾರಾಮ ಸಾವಕಾರನ ಮಷೀನು ದೀಪಾವಳಿಗೆ ಬಂತು. ನಮ್ಮ ಗಂಡಸರು ಅಲ್ಲಿಂದಲೇ ಹಾಸು ತರತೊಡಗಿದರು, ಮುಂದೆ ಅವನ ನೂಲನ್ನೇ ನೇಯತೊಡಗಿದರು. ಮುರಗೆಪ್ಪ ಆ ಮಷೀನಿನ ಮನೆಗೆ ಕೂಲಿಗೆ ಹೋದ. ಓಣಿಯಲ್ಲಿ ಕಟ್ಟೆಗಳು ಮುಂದೆ ಬಂದವು, ಎಮ್ಮೆಯ ಗೂಟಗಳೂ ಬಂದವು. ಈಗ ಅದೂ ಊರಿನ ಬೇರೆ ಓಣಿಗಳಂತೆಯೇ ಇದೆ.

ನನ್ನ ಹೊಟ್ಟೆಯಲ್ಲಿ ಉಳಿದಿರುವುದು ಹಾಸು ಕೊಯ್ದ ಮರುದಿನದ ಬೆಳಗು. ಬಿಸಿಲು ಬಿತ್ತು, ನಳ ಕೆಮ್ಮಿ ಸುರಿಯಿತು. ಓಣಿಯಲ್ಲಿ ಹಾಸು ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದೆವು. ಮೊದಲು ಮೆಲ್ಲಗೆ, ಆಮೇಲೆ ಅವಸರವಾಗಿ. ಸ್ವಲ್ಪ ಹೊತ್ತಿಗೆ ಕೊಡಕ್ಕೆ ಕೊಡ ತಾಗಿ ಪಾಳಿಯ ಜಗಳವೂ ಶುರುವಾಯಿತು. ಮೇಲಿನ ತುದಿಯವರು, ಕೆಳಗಿನ ತುದಿಯವರು ಎಂದು ಕೂಗಾಡುತ್ತಿರುವಾಗ ರುಕ್ಮವ್ವ ಬಂದಳು. ನಾನು ನನ್ನ ಕೊಡ ಸರಿಸಿ, "ನೀ ಮೊದಲ ಹಿಡಿ ಯಕ್ಕಾ" ಅಂದೆ.

ಅವಳು ಸಾಲಿನ ಕೊನೆಗೆ ಹೋಗಿ ನಿಂತಳು.

"ಪಾಳಿ ಪ್ರಕಾರ ಬರಲಿ," ಅಂದಳು. ಅವಳ ಪಾಳಿ ಬರುವ ಮೊದಲೇ ಅಂದೂ ನೀರು ನಿಂತಿತು. ಖಾಲಿ ಕೊಡ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಓಣಿಯ ನಟ್ಟನಡುವೆ ನಡೆದುಕೊಂಡೇ ಅವಳು ಹಳೇ ಬಾವಿಯ ಕಡೆಗೆ ಹೋದಳು.